ತೃಣಮಣಿಯೂ ಬಾಚಣಿಗೆಯೂ

ಸಂಸ್ಕೃತ ನಿಘಂಟುಗಳಲ್ಲಿ ತೃಣಮಣಿ ಎಂಬ ಶಬ್ದವೊಂದುಂಟು. ಹುಲ್ಲನ್ನು ತನ್ನೆಡೆಗೆ ಸೆಳೆಯುವ ಮಣಿ ಎಂದು ಅದರ ಅರ್ಥ. ಅಂಬರ್ ಎಂಬ ಹಳದಿಯ ಶಿಲಾರಾಳಕ್ಕೆ ಪಾರಸಿಯವರಿಟ್ಟ ಕಹರುಬಾ ಎಂಬ ಹೆಸರಿಗೂ ಹುಲ್ಲುಗಳ್ಳನೆಂದೇ ಅರ್ಥ. ಗ್ರೀಕರು ಅದನ್ನು ಎಲೆಕ್ಟ್ರಾನ್ ಎಂದರು. ಗಾಜು, ಗಂಧಕ, ಅರಗು ಮುಂತಾದುವೂ ಉಜ್ಜಿದಾಗ ಹೀಗೆಯೇ ಸೆಳೆಯುವುವೆಂದು ೧೬೦೦ರಲ್ಲಿ ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಗಿಲ್ಬರ್ಟನು ತೋರಿಸಿ, ಆ ಗ್ರೀಕ್ ಹೆಸರನ್ನೇ ಈ ವರ್ಗಕ್ಕೆಲ್ಲ ಹಬ್ಬಿಸಿದನು. ನಮ್ಮ ಮನೆಗಳಲ್ಲಿ ತೃಣಮಣಿಯಿಲ್ಲದಿದ್ದರೂ ಅದರ ಗುಣವುಳ್ಳ ಪದಾರ್ಥಗಳಿಗೆ ಕೊರತೆಯಿಲ್ಲ. ಪ್ಲಾಸ್ಟಿಕ್ ಬಾಚಣಿಗೆ, ನೈಲಾನ್ ಸೀರೆ, ಪಾಲಿಯೆಸ್ಟರ್ ಅಂಗಿ, ಮಕ್ಕಳ ಬಲೂನು ಇವೆಲ್ಲವೂ ತೃಣಮಣಿಗಳೇ ಸರಿ.

ಉಜ್ಜುವುದರಿಂದ ವಿದ್ಯುತ್ತು ಹುಟ್ಟುವುದೆಂದು ಹಲವರು ತಿಳಿದಿರುವರು. ಹೊಸದಾಗಿ ಹುಟ್ಟುವುದು ಏನೂ ಇಲ್ಲ. ಎರಡು ಬೇರೆ ಬೇರೆ ಪದಾರ್ಥಗಳು ಒಂದನ್ನೊಂದು ಮುಟ್ಟಿ ಅಗಲುವಾಗ ಒಂದರಲ್ಲಿದ್ದ ಅತಿಸೂಕ್ಷ್ಮ ಋಣವಿದ್ಯುತ್ಕಣಗಳಲ್ಲಿ ಕೆಲವು ಮತ್ತೊಂದಕ್ಕೆ ಸೇರಿಬಿಡುವುವು. ಉಜ್ಜುವಿಕೆಯು ಮುಟ್ಟುವ ತಾಣಗಳನ್ನು ಹೆಚ್ಚಿಸುವುದಷ್ಟೆ. ಎಣ್ಣೆಯಿಲ್ಲದ ಒಣಕೂದಲನ್ನು ಬಾಚಿದರೆ ಸಾಮಾನ್ಯವಾಗಿ ಬಾಚಣಿಗೆಗೆ ಋಣವಿದ್ಯುತ್ತೂ ಕೂದಲಿಗೆ ಅಷ್ಟೇ ಪ್ರಮಾಣದ ಧನವಿದ್ಯುತ್ತೂ ಉಳಿಯುವುವು. ಸಜಾತೀಯಗಳು ದೂಡುವುವು, ವಿಜಾತೀಯಗಳು ಸೆಳೆಯುವುವು; ಆದುದರಿಂದಲೇ ಎಳೆ ಎಳೆಯಾಗಿ ಕೂದಲು ನೆಟ್ಟಗೆ ನಿಲ್ಲುವುದು. ಮುಟ್ಟಿದ ಮಾತ್ರಕ್ಕೆ ಕಣಗಳು ಹೀಗೇಕೆ ಸ್ಥಳ ಬದಲಿಸುವುವೆಂಬ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇಂದಿಗೂ ಮುಗಿದಿಲ್ಲ. ಸೂಜಿಯು ಅಯಸ್ಕಾಂತದ ಕಡೆಗೆ ಓಡುವುದಕ್ಕೆ ಕಣಾದ ಮಹರ್ಷಿಯು ಅದೃಷ್ಟವನ್ನು ಕಾರಣವಾಗಿ ಹೇಳಿದನೆಂದು ನಗುವವರು ಇದನ್ನು ಸ್ವಲ್ಪ ನೆನೆಯಬಹುದು.

ಕಾಗದದ ಚೂರಿಗೆ ವಿದ್ಯುತ್ತಿಲ್ಲವಷ್ಟೆ. ಅದು ಬಾಚಣಿಗೆಗೆ ಅಂಟುವುದೇಕೆ? ಬಾಚಣಿಗೆಯ ಋಣವು ಕಾಗದದೊಳಗಿನ ಋಣಕಣಗಳನ್ನು ಕಿಂಚಿತ್ತು ಆಚೆಗೆ ದೂಡುವುದು. ಹತ್ತಿರದ ಮಗ್ಗುಲಲ್ಲಿ ಧನವು ಮೇಲುಗೈಯಾಗುವುದು. ದೂರದ ದೂಡುವಿಕೆಗಿಂತ ಸಮೀಪದ ಸೆಳೆತವೇ ಬಲವಾದುದರಿಂದ ಚೂರು ಮೇಲಕ್ಕೆ ನೆಗೆಯುವುದು. ಮಕ್ಕಳಿಗೆ ಇದನ್ನು ತೋರಿಸುವಾಗ ಕೂಡಲೇ ಕಣ್ಣು ತೆಗೆಯಬೇಡಿರಿ. ಅಂಟಿದ ಚೂರುಗಳಲ್ಲಿ ಒಂದೆರಡು ಬಾಚಣಿಗೆಯಿಂದ ಋಣವನ್ನು ತಾವೂ ಪಡೆದು, ಸಜಾತೀಯವಾಗಿ, ಯಾರೋ ಎಸೆದಂತೆ ಹಾರಿಹೋಗುವುವು. ನೋಡತಕ್ಕದ್ದು ಅದೇ.

ಗಾಜಿನ ಕಡ್ಡಿ, ರೇಷ್ಮೆಯ ಬಟ್ಟೆಗಳ ಈ ಪಾಠವು ನಮ್ಮ ಶಾಲೆಯಲ್ಲಿ ಆಷಾಢದ ಜಡಿಮಳೆಯಲ್ಲಿಯೇ ಬರುತ್ತಿದ್ದಿತು. ಎಷ್ಟು ಉಜ್ಜಿದರೂ ಕಾಗದ ಅಲುಗುತ್ತಿರಲಿಲ್ಲ. ಹುಡುಗರು ಮುಸಿಮುಸಿ ನಗುತ್ತಿದ್ದರು. ಅದೇ ಕಡ್ಡಿ ಮಾಘದಲ್ಲಿ ಚಟಚಟನೆ ಸದ್ದು ಮಾಡುತ್ತಿದ್ದಿತು. ತೇವದ ಹವೆಯಲ್ಲಿ ವಸ್ತುಗಳ ಮೈಮೇಲೆ ನೀರಿನ ತೆಳುಪೊರೆ ಕಟ್ಟಿ, ವಿದ್ಯುತ್ತು ಅದರ ಮೂಲಕ ಜಾರಿಹೋಗುವುದು. ಮಂಗಳೂರಿನವರಿಗೆ ಅಪರೂಪವಾದ ಚುರುಕು ರಾಯಚೂರಿನವರಿಗೆ ಬೇಸಗೆಯಲ್ಲಿ ಪರಿಚಿತವಾಗಿರುವುದು ಇದರಿಂದಲೇ. ಬಟ್ಟೆಯ ಮಾತೂ ಹಾಗೆಯೇ. ಹತ್ತಿಯು ಹವೆಯಿಂದ ತನ್ನ ತೂಕದಲ್ಲಿ ನೂರಕ್ಕೆ ಸುಮಾರು ೮ ಪಾಲು ನೀರನ್ನು ಹೀರಿಕೊಳ್ಳುವುದು; ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹೀರದು. ಹಿರಿಯರ ಹತ್ತಿಯ ಪಂಚೆ ಚಟಗುಟ್ಟದೆ ಇದ್ದುದು ಈ ಕಾರಣದಿಂದ.

ಲೋಹವು ಉಜ್ಜಿದರೆ ವಿದ್ಯುತ್ತನ್ನು ಪಡೆಯದೆಂಬುದೂ ಸರಿಯಲ್ಲ. ಪಡೆಯುವುದು, ಆದರೆ ನಮ್ಮ ಕೈಯ ಮೂಲಕ ಆ ಕ್ಷಣವೇ ನೆಲಕ್ಕೆ ಹರಿದುಹೋಗುವುದು.

ಒಣ ದಿನಗಳಲ್ಲಿ ಪಾಲಿಯೆಸ್ಟರ್ ಹೊದಿಕೆಯ ಆಸನದಿಂದೆದ್ದು ಬಾಗಿಲ ಚಿಲಕ ಮುಟ್ಟಿದಾಗ ಬೆರಳಿಗೆ ಕಿಡಿ ಹಾರುವುದುಂಟು. ಅದು ಚರ್ಮಕ್ಕೆ ತಿಳಿಯಬೇಕಾದರೆ ನಮ್ಮ ಮೈ ಸುಮಾರು ೩,೦೦೦ ವೋಲ್ಟಿನಷ್ಟು ಏರಿರಬೇಕು. ಮನೆಯ ತಂತಿಯ ೨೩೦ ವೋಲ್ಟು ಕೊಲ್ಲಬಲ್ಲುದು, ಇದು ಕೊಲ್ಲದು. ಏಕೆಂದರೆ ತಂತಿಯದು ಬತ್ತದ ಹೊಳೆ, ಇದು ಉದ್ಧರಣೆಯ ನೀರು. ಕ್ಷಣಾರ್ಧದಲ್ಲಿ ಬರಿದಾಗುವ ಈ ಕಿಡಿಯಲ್ಲಿರುವ ಶಕ್ತಿ ಒಂದು ಜೂಲಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆ.

ಆದರೆ ಹವೆಯೊಡನೆ ತಕ್ಕಷ್ಟು ಬೆರೆತ ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಆ ಸಾವಿರದಲ್ಲೊಂದು ಪಾಲಿನ ಕಾಲುಭಾಗವೇ ಸಾಕು. ಬೆರಳಿಗೆ ಆಗಷ್ಟೇ ತಿಳಿಯುವ ಕಿಡಿಗೂ ಆ ಸಾಮರ್ಥ್ಯವುಂಟು. ಕೊಳವೆಯಲ್ಲಿ ಹರಿಯುವ ಪೆಟ್ರೋಲು ಸಹ ಗೋಡೆಯನ್ನು ಮುಟ್ಟಿ ಅಗಲುತ್ತ ವಿದ್ಯುತ್ತನ್ನು ಹೊತ್ತುಕೊಳ್ಳುವುದು. ಪಂಪುಸೆಟ್ಟಿಗೋ ನಡುದಾರಿಯಲ್ಲಿ ನಿಂತ ಸ್ಕೂಟರಿಗೋ ಎಂದು ಪ್ಲಾಸ್ಟಿಕ್ ಸೀಸೆಯಲ್ಲಿ ಪೆಟ್ರೋಲು ತರುವವರನ್ನು ಕಂಡಾಗ ನನಗೆ ಮೈ ಜುಮ್ಮೆನ್ನುವುದು. ಸೀಸೆ ಆ ವಿದ್ಯುತ್ತನ್ನು ಬಿಟ್ಟುಕೊಡದೆ ತನ್ನಲ್ಲಿಯೇ ಇಟ್ಟುಕೊಂಡಿರುವುದು. ತರಲೇಬೇಕಾದರೆ ಲೋಹದ ಡಬ್ಬಿಯನ್ನು ವಾಹನದ ಮೇಲಿಡದೆ, ರಬ್ಬರು ಹಾಸಿನ ಮೇಲೂ ಇಡದೆ, ನೆಲದ ಮೇಲಿಟ್ಟು, ಕೊಳವೆಯ ಮೂತಿ ಡಬ್ಬಿಯ ಬಾಯಿಗೆ ತಾಗಿರುವಂತೆ ತುಂಬಿಸತಕ್ಕದ್ದು. ಕಾರಿನಿಂದಿಳಿದವರು ಟ್ಯಾಂಕಿನ ಮುಚ್ಚಳ ತೆರೆಯುವ ಮೊದಲು, ಅದರಿಂದ ದೂರದಲ್ಲಿ, ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಬೇಕು. ತುಂಬುವಾಗ ನಡುವೆ ಒಳಗೆ ಹೋಗಿ ಕುಳಿತು ಎದ್ದುಬರಬಾರದು.

ಚಿಲಕದ ಚುರುಕಿಗಾದರೋ ಉಪಾಯ ಸುಲಭ. ಕೈಯಲ್ಲಿರುವ ಬೀಗದ ಕೈಯನ್ನು ಭದ್ರವಾಗಿ ಹಿಡಿದು ಅದರ ತುದಿಯಿಂದ ಚಿಲಕವನ್ನು ಮೊದಲು ಮುಟ್ಟಿರಿ. ಕಿಡಿಯು ತುದಿಯಲ್ಲಿ ಹಾರುವುದು, ಬೆರಳಿಗೆ ನೋವಿಲ್ಲ.