ಎಳೆದ ಎಲೆ, ಬರೆದ ಪುಟ

ಟ್ಯಾರೋ ಕಟ್ಟನ್ನು ಕಲಸಿ ಒಂದು ಎಲೆ ಎಳೆಯುವುದು, ಅದರ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ ಮನಸ್ಸಿಗೆ ಬಂದದ್ದನ್ನು ದಿನಚರಿಯಲ್ಲಿ ಬರೆಯುವುದು, ಆ ಬರಹದಿಂದ ಮುಂದಿನ ವಾರದ ಅಥವಾ ವರ್ಷದ ಗುರಿಯೊಂದನ್ನು ಗೊತ್ತುಮಾಡಿಕೊಳ್ಳುವುದು, ಈ ಮೂರೂ ಸೇರಿದ ಅಭ್ಯಾಸವು ನಗರಗಳ ತರುಣ ವರ್ಗದಲ್ಲಿ ಈಚೆಗೆ ಬಳಕೆಗೆ ಬಂದಿದೆ. ಇದನ್ನು ಮಾಡುವವರಲ್ಲಿ ಅನೇಕರು ತಾವು ಭವಿಷ್ಯ ಕೇಳುತ್ತಿಲ್ಲ, ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುತ್ತಿದ್ದೇವೆ ಎನ್ನುತ್ತಾರೆ. ಮೇಲುನೋಟಕ್ಕೆ ಇದು ಮೊಬೈಲ್ ಫೋನಿನೊಡನೆ ಬಂದಿಳಿದ ಹೊಸ ಸರಕಿನಂತೆ ಕಂಡರೂ, ಎಲೆ ಎಳೆಯುವ ಎಳೆ ಮತ್ತು ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಎಳೆ ಬೇರೆ ಬೇರೆ ದಾರಿಯಲ್ಲಿ ಶತಮಾನಗಳ ಕಾಲ ನಡೆದು ಬಂದವು. ಅವುಗಳಲ್ಲಿ ಎರಡನೆಯದು ಮಂಗಳೂರಿನ ಬಲ್ಮಠ ಗುಡ್ಡವನ್ನು ಹಾದುಹೋಗಿದೆ.

ಟ್ಯಾರೋ ಹುಟ್ಟಿದ್ದು ಆಟಕ್ಕಾಗಿ. 15ನೆಯ ಶತಮಾನದಲ್ಲಿ ಉತ್ತರ ಇಟಲಿಯ ಮಿಲಾನ್, ಫೆರಾರಾ ಮುಂತಾದ ನಗರಗಳ ಅರಮನೆಗಳಲ್ಲಿ, ಬಟ್ಟಲು, ಕತ್ತಿ, ದಂಡ, ನಾಣ್ಯ ಎಂಬ ನಾಲ್ಕು ಬಣ್ಣಗಳ ಇಸ್ಪೀಟಿಗೆ ಚಿತ್ರವಿರುವ ತುರುಪಿನ ಎಲೆಗಳನ್ನು ಸೇರಿಸಿ ಆಡುವ ಪದ್ಧತಿ ಬೆಳೆಯಿತು; ಕಾಲಕ್ರಮದಲ್ಲಿ 56 ಸಾಮಾನ್ಯ ಎಲೆಗಳೂ 22 ಚಿತ್ರದ ಎಲೆಗಳೂ ಸೇರಿ 78 ಎಲೆಗಳ ಕಟ್ಟು ನೆಲೆಗೊಂಡಿತು. ಸುಮಾರು ಮುನ್ನೂರು ವರ್ಷ ಅದು ಮುಖ್ಯವಾಗಿ ಆಟದ ಸಾಮಗ್ರಿಯಾಗಿಯೇ ಉಳಿದಿತ್ತು, ಫ್ರಾನ್ಸಿನಲ್ಲಿಯೂ ಸ್ವಿಟ್ಜರ್ಲೆಂಡಿನ ಕೆಲವು ಕಣಿವೆಗಳಲ್ಲಿಯೂ ಈಗಲೂ ಹಾಗೆಯೇ ಆಡುತ್ತಾರೆ. 1781ರಲ್ಲಿ ಪ್ಯಾರಿಸ್ಸಿನ ಆಂಟ್ವಾನ್ ಕೂರ್ ದ ಜೆಬಲಾನ್ ಎಂಬ ವಿದ್ವಾಂಸನು ಈ ಚಿತ್ರಗಳಲ್ಲಿ ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತಜ್ಞಾನ ಅಡಗಿದೆಯೆಂದು ಬರೆದನು. ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಆಗಿನ್ನೂ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅವನನ್ನು ಅಲ್ಲಗಳೆಯುವುದೂ ಸುಲಭವಿರಲಿಲ್ಲ. ಆಧಾರವಿಲ್ಲದ ಈ ಮಾತಿನ ಮೇಲೆಯೇ ಎಟೈಲಾ ಎಂಬ ಹೆಸರಿನಿಂದ ಪ್ರಸಿದ್ಧನಾದ ಇನ್ನೊಬ್ಬನು ಟ್ಯಾರೋ ನೋಡಿ ಕಣಿ ಹೇಳುವ ವೃತ್ತಿಯನ್ನು ಕಟ್ಟಿದನು. ಇಂದು ಹೆಚ್ಚಿನವರ ಕೈಯಲ್ಲಿರುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಎ.ಇ. ವೇಟ್ ಅವರ ನಿರ್ದೇಶನದಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದವು. ಹಳೆಯ ಕಟ್ಟುಗಳಲ್ಲಿ ಬರಿಯ ಎಣಿಕೆಯ ಗುರುತುಗಳಿದ್ದ ಸಾಮಾನ್ಯ ಎಲೆಗಳಿಗೂ ಆಕೆ ಮನುಷ್ಯರಿರುವ ಪುಟ್ಟ ದೃಶ್ಯಗಳನ್ನು ಕೊಟ್ಟರು. ದಿನಚರಿಗೆ ಟ್ಯಾರೋ ಒದಗಿಬಂದದ್ದು ಈ ಬದಲಾವಣೆಯಿಂದ. ಐದು ಬಟ್ಟಲುಗಳ ಗುರುತನ್ನು ನೋಡಿ ಪುಟ ತುಂಬಿಸುವುದು ಕಷ್ಟ, ಚೆಲ್ಲಿದ ಬಟ್ಟಲುಗಳ ಮುಂದೆ ತಲೆ ತಗ್ಗಿಸಿ ನಿಂತವನನ್ನು ನೋಡಿ ಬರೆಯುವುದು ಅಷ್ಟು ಕಷ್ಟವಲ್ಲ.

ಕನ್ನಡನಾಡಿಗೂ ಚಿತ್ರದ ಎಲೆಗಳು ಹೊಸವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ದೇವತೆಗಳ, ಗ್ರಹಗಳ ಚಿತ್ರವಿರುವ ಗಂಜೀಫಾ ಎಲೆಗಳಿಂದ ಛದ ಎಂಬ ಆಟಗಳನ್ನು ರೂಪಿಸಿದ್ದರು. ಅವುಗಳಲ್ಲಿ 360 ಎಲೆಗಳ ಕಟ್ಟೂ ಇತ್ತು. ಇಷ್ಟು ದೈವಿಕ ಚಿತ್ರಗಳಿದ್ದರೂ ಗಂಜೀಫಾ ಆಟವಾಗಿಯೇ ಉಳಿಯಿತು. ಎಲೆ ಎಳೆದು ಶಕುನ ಹೇಳುವ ಕೆಲಸವನ್ನು ಜಾತ್ರೆಯ ಬೀದಿಯಲ್ಲಿ ಗಿಣಿಶಾಸ್ತ್ರದವನ ಗಿಣಿ ಮಾಡಿಕೊಂಡು ಬಂತು.

ಕರಾವಳಿಯಲ್ಲಿ ಆಕಸ್ಮಿಕದ ಮೂಲಕ ಉತ್ತರ ಹುಡುಕುವ ಪ್ರೌಢ ಪದ್ಧತಿಯೆಂದರೆ ಅಷ್ಟಮಂಗಲ ಪ್ರಶ್ನೆ. ಕೇರಳದಲ್ಲಿ 1649ರಲ್ಲಿ ರಚಿತವಾದ ‘ಪ್ರಶ್ನಮಾರ್ಗ’ವು ಇದಕ್ಕೆ ಪ್ರಮಾಣಗ್ರಂಥ. ದೀಪ, ಕನ್ನಡಿ, ಚಿನ್ನ, ಹಾಲು, ಮೊಸರು, ಹಣ್ಣು, ಪುಸ್ತಕ, ಬಿಳಿ ವಸ್ತ್ರ ಎಂಬ ಎಂಟು ಮಂಗಳದ್ರವ್ಯಗಳನ್ನಿಟ್ಟು, ದೈವಜ್ಞರು 108 ಕವಡೆಗಳನ್ನು ಮಂತ್ರಪೂರ್ವಕವಾಗಿ ಮೂರು ಪಾಲು ಮಾಡಿ, ಪ್ರತಿ ಪಾಲಿನಿಂದ ಎಂಟೆಂಟು ಕಳೆಯುತ್ತ ಹೋಗಿ, ಕೊನೆಗೆ ಉಳಿದ ಮೂರು ಸಂಖ್ಯೆಗಳಿಂದ ಭೂತ, ವರ್ತಮಾನ, ಭವಿಷ್ಯಗಳನ್ನು ಚಿಂತಿಸುತ್ತಾರೆ. ಟ್ಯಾರೋದಲ್ಲಿ ಬಹಳ ಬಳಕೆಯಲ್ಲಿರುವ ಒಂದು ಹರವೂ ಇದೇ ಮೂರು ಕಾಲಗಳಿಗೆ ಒಂದೊಂದು ಎಲೆಯಿಡುವುದೇ ಆಗಿರುವುದು ಯಾರೂ ಯಾರಿಂದಲೂ ಎರವಲು ಪಡೆಯದ ಹೋಲಿಕೆ. ಆದರೆ ಪ್ರಶ್ನೆಯ ನೆಲೆ ಬೇರೆ: ಅಲ್ಲಿ ಕೇಳುವುದು ಹೆಚ್ಚಾಗಿ ಮನೆತನ, ದೇವಸ್ಥಾನ ಅಥವಾ ಊರು; ಅರ್ಥ ಹೇಳುವವರು ಶಾಸ್ತ್ರ ಬಲ್ಲವರು; ಕಂಡುಬಂದ ದೋಷವನ್ನೂ ಮಾಡಬೇಕಾದ ಪರಿಹಾರವನ್ನೂ ಬರೆದಿಟ್ಟುಕೊಂಡರೂ ಆ ಬರಹವು ಸಮೂಹದ ಕಡತವೇ ಹೊರತು ಒಬ್ಬ ವ್ಯಕ್ತಿಯ ಒಳಗಿನ ಲೆಕ್ಕವಲ್ಲ. ತಾನೊಬ್ಬನೇ ಕುಳಿತು, ತನ್ನ ನಡತೆಯನ್ನೇ ವಿಷಯವಾಗಿಸಿಕೊಂಡು, ತಾರೀಕು ಹಾಕಿ ಬರೆಯುವ ಶಿಸ್ತು ಮಂಗಳೂರಿಗೆ ಬಂದ ಒಂದು ಮುಖ್ಯ ದಾರಿಯನ್ನು ಬಲ್ಮಠದಲ್ಲಿ ಕಾಣಬಹುದು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಸಾಮ್ಯುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರು ತಲುಪಿದರು. 1840ರ ಹೊತ್ತಿಗೆ ಬಲ್ಮಠ ಗುಡ್ಡ ಮಿಶನ್ನಿನ ಕೇಂದ್ರವಾಗತೊಡಗಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಅಚ್ಚಾದ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್, ಮಿಶನ್ನಿನ ಮುದ್ರಣಾಲಯ, ಖಾಕಿ ಬಣ್ಣದೊಡನೆ ಹೆಸರು ತಳುಕುಹಾಕಿಕೊಂಡ ನೇಯ್ಗೆ ಕಾರ್ಖಾನೆ, ಇವೆಲ್ಲ ಕನ್ನಡ ಓದುಗರಿಗೆ ಚಿರಪರಿಚಿತ. ಇದೇ ಸಂಸ್ಥೆಯ ಇನ್ನೊಂದು ಪದ್ಧತಿಯ ಮಾತು ಅಷ್ಟಾಗಿ ಬರುವುದಿಲ್ಲ. ಮಿಶನರಿಗಳನ್ನು ತರಬೇತುಗೊಳಿಸುವ ಬಾಸೆಲಿನ ಶಾಲೆಗೆ ಸೇರಬಯಸುವ ಪ್ರತಿಯೊಬ್ಬನೂ ತನ್ನ ಬಾಳಿನ ತಿರುವುಗಳನ್ನೂ ಮನಃಪರಿವರ್ತನೆಯನ್ನೂ ವಿವರಿಸುವ ಆತ್ಮವೃತ್ತಾಂತವನ್ನು ಬರೆದು ಕೊಡಬೇಕಿತ್ತು. ಕೆಲಸಕ್ಕೆ ಕಳುಹಿಸಿದ ಮೇಲೆ ದಿನಚರಿಯ ಭಾಗಗಳನ್ನೂ ತ್ರೈಮಾಸಿಕ ವರದಿಗಳನ್ನೂ ಬಾಸೆಲಿನ ಸಮಿತಿಗೆ ತಪ್ಪದೆ ಒಪ್ಪಿಸಬೇಕಿತ್ತು. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತಮತ ಸ್ವೀಕರಿಸಿ ಬಾಸೆಲಿಗೆ ಹೋಗಿ ಕಲಿತು ದೀಕ್ಷೆ ಪಡೆದು ಮರಳಿದಾಗ ಈ ಶಿಸ್ತಿನ ಒಳಗೇ ಬಂದರು. 1847ರಲ್ಲಿ ಆರಂಭವಾದ ಉಪದೇಶಿಗಳ ತರಬೇತಿ ಶಾಲೆಯ ಪರಂಪರೆಯನ್ನು ಮುಂದುವರಿಸಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಬಲ್ಮಠದಲ್ಲಿ ಇಂದಿಗೂ ಇದೆ.

ಈ ಬರವಣಿಗೆಯ ಹಿಂದೆ ಇದ್ದದ್ದು ಪಯಟಿಸಂ, ಅಂದರೆ 17ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಪ್ರೊಟೆಸ್ಟಂಟರ ನಡುವೆ ಎದ್ದ, ಮತತತ್ತ್ವದ ವಾದಕ್ಕಿಂತ ವ್ಯಕ್ತಿಯ ಒಳ ಅನುಭವವನ್ನು ಮುಖ್ಯವೆಂದು ಎಣಿಸಿದ ಚಳವಳಿ. ಮೋಗ್ಲಿಂಗ್ ಸೇರಿದಂತೆ ಮಿಶನ್ನಿನ ಬಹುಮಂದಿ ಬೆಳೆದ ವ್ಯುರ್ಟೆಂಬರ್ಗ್ ಪ್ರಾಂತ್ಯ ಅದರ ಬಲವಾದ ನೆಲೆಯಾಗಿತ್ತು. ಇಸ್ಪೀಟಾಟವನ್ನು ಪಾಪವೆಂದು ತಿಳಿದಿದ್ದ ಇದೇ ಜನ ಬೇರೊಂದು ಬಗೆಯ ಎಲೆಯನ್ನು ಧಾರಾಳವಾಗಿ ಎಳೆಯುತ್ತಿದ್ದರು. ಗೆರ್ಹಾರ್ಡ್ ಟೆರ್ಸ್ಟೇಗನ್ ಎಂಬ ಅನುಭಾವಿ ಕವಿಯ ಪುಟ್ಟ ಪದ್ಯಗಳನ್ನು ಚೀಟಿಗಳಲ್ಲಿ ಅಚ್ಚುಹಾಕಿ, ಕಣ್ಣುಮುಚ್ಚಿ ಒಂದನ್ನು ಆರಿಸಿ ಅಂದಿನ ಧ್ಯಾನಕ್ಕೆ ಇಟ್ಟುಕೊಳ್ಳುವ ‘ಭಕ್ತರ ಲಾಟರಿ’ 18ನೆಯ ಶತಮಾನದಲ್ಲಿ ಜನಪ್ರಿಯವಾಗಿತ್ತು. ಹೆರ್ನ್‌ಹುಟ್ ಎಂಬ ಊರಿನ, ಇದೇ ಚಳವಳಿಯ ಪ್ರಭಾವದಲ್ಲಿದ್ದ ಮೊರೇವಿಯನ್ ಸಮುದಾಯದಲ್ಲಿ 1728ರಲ್ಲಿ ಮುಂದಾಳು ಜಿನ್‌ಜೆಂಡಾರ್ಫ್ ಆರಂಭಿಸಿದ ದಿನಕ್ಕೊಂದು ವಚನ ಕೊಡುವ ರೂಢಿಯು 1731ರಿಂದ ಪುಸ್ತಕರೂಪದಲ್ಲಿ ಬರುತ್ತಿದೆ. ಹಳೆಯ ಒಡಂಬಡಿಕೆಯ ವಾಕ್ಯಗಳನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ದೇವರ ಇಚ್ಛೆ ತಿಳಿಯಲು ಚೀಟಿ ಎತ್ತುವುದನ್ನು ಆ ಸಮುದಾಯ ಒಂದು ಕಾಲದಲ್ಲಿ ಮದುವೆಯ ಸಂಬಂಧಕ್ಕೂ ಬಳಸಿತ್ತು, 19ನೆಯ ಶತಮಾನದಲ್ಲಿ ಕ್ರಮೇಣ ಕೈಬಿಟ್ಟಿತು. ಬಾಸೆಲ್ ಮಿಶನ್ನಿನಲ್ಲಿ ಮಿಶನರಿಯ ಮದುವೆಗೆ ಸಮಿತಿಯ ಒಪ್ಪಿಗೆ ಬೇಕಿತ್ತು. ಚೀಟಿಗಿಂತ ಸಮಿತಿ ಸೌಮ್ಯವಾಗಿತ್ತೆಂದು ಹೇಳುವಂತಿಲ್ಲ.

ಹೀಗಾಗಿ ಆಕಸ್ಮಿಕವಾಗಿ ಕೈಗೆ ಬಂದ ಒಂದು ಮಾತು, ಅದರ ಮುಂದೆ ತನ್ನನ್ನು ಒರೆಗೆ ಹಚ್ಚುವ ಧ್ಯಾನ, ಅದರ ಲೆಕ್ಕವಿಡುವ ದಿನಚರಿ, ಈ ಮೂರೂ ಟ್ಯಾರೋ ಪುಸ್ತಕಗಳಿಗಿಂತ ಬಹು ಹಿಂದೆಯೇ ಒಂದೇ ಪರಂಪರೆಯಲ್ಲಿ ನೆಲೆಸಿದ್ದವು. ಇಂದಿನ ಅಭ್ಯಾಸವು ಅಲ್ಲಿಂದ ನೇರವಾಗಿ ಇಳಿದು ಬಂತೆಂದು ಹೇಳುವುದು ಅತಿಯಾದೀತು. ಅದರ ಸಮೀಪದ ಹಿರಿಯರು ಅಮೆರಿಕದವರು. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಐರಾ ಪ್ರೊಗಾಫ್ ದಿನಚರಿಯನ್ನು ವಿಭಾಗಗಳಾಗಿ ಒಡೆದು ಆತ್ಮಶೋಧನೆಯ ಸಾಧನವಾಗಿ ಬೆಳೆಸಿದರು. 1984ರಲ್ಲಿ ಮೇರಿ ಗ್ರೀರ್ ಅವರ ‘ಟ್ಯಾರೋ ಫಾರ್ ಯುವರ್‌ಸೆಲ್ಫ್’ ಪುಸ್ತಕವು ಕಣಿ ಹೇಳುವವರ ನೆರವಿಲ್ಲದೆ ತನಗೆ ತಾನೇ ಎಲೆ ಹಾಕಿಕೊಂಡು, ಪ್ರಶ್ನೆಗಳಿಗೆ ಬರೆದು ಉತ್ತರಿಸುವ ಅಭ್ಯಾಸಪುಸ್ತಕವಾಗಿ ಬಂತು. ಮಧ್ಯವರ್ತಿಯನ್ನು ಬಿಟ್ಟು ವ್ಯಕ್ತಿಯೇ ನೇರವಾಗಿ ಓದಿಕೊಳ್ಳಬೇಕೆಂಬ ಹಂಬಲದಲ್ಲಿ ಈ ಪುಸ್ತಕಕ್ಕೂ ಪಯಟಿಸ್ಟರಿಗೂ ಇರುವ ನಂಟು ಗಮನಾರ್ಹ. ಎರಡು ವರ್ಷಗಳ ಬಳಿಕ, 1986ರಲ್ಲಿ, ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರೊಬ್ಬರು ಮನಸ್ಸಿನ ಪೆಟ್ಟುಗಳ ಬಗ್ಗೆ ಬರೆಯುವುದರಿಂದ ಆರೋಗ್ಯದ ಮೇಲೆ ಆಗುವ ಪರಿಣಾಮವನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದ ಮೇಲೆ ದಿನಚರಿಗೆ ಪ್ರಯೋಗಶಾಲೆಯ ಬೆಂಬಲವೂ ಸಿಕ್ಕಿತು.

ಗುರಿಯ ವಿಷಯದಲ್ಲಿ ಎಲೆ ಮಾಡುವ ಕೆಲಸ ಬಹಳ ಸಣ್ಣದು, ಆದರೆ ನಿರುಪಯುಕ್ತವಲ್ಲ. ನಾಣ್ಯದ ಎಂಟನೆಯ ಎಲೆ ಬಂತೆನ್ನೋಣ: ಬೆಂಚಿನ ಮೇಲೆ ಕುಳಿತ ಕುಶಲಕರ್ಮಿಯೊಬ್ಬ ತಲೆ ಬಗ್ಗಿಸಿ ನಾಣ್ಯದ ಮೇಲೆ ಉಳಿ ಇಟ್ಟು ಬಡಿಯುತ್ತಿದ್ದಾನೆ, ಮುಗಿದವು ಪಕ್ಕದ ಕಂಬದಲ್ಲಿ ತೂಗುತ್ತಿವೆ, ಊರು ದೂರದಲ್ಲಿದೆ. ‘ಈ ವರ್ಷ ಚೆನ್ನಾಗಿ ಓದಬೇಕು’ ಎಂದಷ್ಟೇ ಅಂದುಕೊಂಡಿದ್ದ ವಿದ್ಯಾರ್ಥಿಗೆ ಈ ಚಿತ್ರವು ಮುಗಿದ ಕೆಲಸ ಎಷ್ಟು, ಕೈಯಲ್ಲಿರುವುದು ಯಾವುದು, ಊರಿನಿಂದ ದೂರವಿರಬೇಕಾದ ಹೊತ್ತು ಯಾವುದು ಎಂಬ ಪ್ರಶ್ನೆಗಳನ್ನು ಎಬ್ಬಿಸಬಹುದು. ಬೇರೆ ಎಲೆ ಬಂದಿದ್ದರೆ ಬೇರೆ ಪ್ರಶ್ನೆಗಳು ಏಳುತ್ತಿದ್ದವು. ಎಲೆಗೆ ವಿದ್ಯಾರ್ಥಿಯ ಸಂಗತಿಯೇನೂ ಗೊತ್ತಿಲ್ಲ, ಅವನ ಯೋಚನೆ ಹಳೆಯ ಜಾಡು ಬಿಟ್ಟು ಸರಿಯುವುದಕ್ಕೆ ಅದು ನೆಪ ಮಾತ್ರ. ಮುಂದಿನದೆಲ್ಲ ಬರವಣಿಗೆಯ ಕೆಲಸ. ಅಸ್ಪಷ್ಟ ಆಸೆಗಿಂತ ನಿರ್ದಿಷ್ಟವೂ ಕಠಿಣವೂ ಆದ ಗುರಿಯಿಂದ ಹೆಚ್ಚು ಸಾಧನೆಯಾಗುತ್ತದೆಂದು ಎಡ್ವಿನ್ ಲಾಕ್ 1968ರಲ್ಲಿಯೇ ಪ್ರತಿಪಾದಿಸಿದ್ದರು. ‘ಇಂಥ ಹೊತ್ತು, ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಪಡಿಸಿಕೊಂಡ ಸಂಕಲ್ಪವು ಬರಿಯ ಇಚ್ಛೆಗಿಂತ ಹೆಚ್ಚು ಸಲ ಕಾರ್ಯಕ್ಕೆ ಬರುತ್ತದೆಂದು ಪೀಟರ್ ಗೋಲ್‌ವಿಟ್ಜರ್ 1999ರ ಲೇಖನದಲ್ಲಿ ವಿವರಿಸಿದರು. ಹಾಗಾಗಿ ಪುಟದ ಕೊನೆಗೆ ದಿನ, ಹೊತ್ತು, ಜಾಗ ಇಳಿಯದಿದ್ದರೆ ಚಿತ್ರದ ಬಗ್ಗೆ ಎಷ್ಟು ಚೆನ್ನಾಗಿ ಬರೆದರೂ ಅದು ಗುರಿಯಾಗುವುದಿಲ್ಲ.

ಹಳೆಯ ಪದ್ಧತಿಗೂ ಹೊಸದಕ್ಕೂ ನಡುವೆ ದೊಡ್ಡ ಅಂತರವಿರುವುದು ಎಲೆ ಮೆಚ್ಚಿಗೆಯಾಗದಿದ್ದಾಗ. ಹೆರ್ನ್‌ಹುಟ್ಟಿನಲ್ಲಿ ಒಂದು ದಿನಕ್ಕೆ ಬಂದ ವಚನವನ್ನು ಬದಲಿಸುವಂತಿಲ್ಲ, ಅದು ಪುಸ್ತಕದಲ್ಲಿ ಅಚ್ಚಾಗಿ ಎಲ್ಲರ ಕೈಯಲ್ಲಿರುತ್ತದೆ. ಬಲ್ಮಠದಿಂದ ಬಾಸೆಲಿಗೆ ಹೋದ ವರದಿಯನ್ನೂ ಬರೆದವನು ಮರಳಿ ಪಡೆದು ತಿದ್ದುವಂತಿರಲಿಲ್ಲ. ಫೋನಿನ ಆ್ಯಪ್‌ನಲ್ಲಿ ಬೇಡದ ಎಲೆಯನ್ನು ಸರಿಸಿ ಬೇಕಾದದ್ದು ಬರುವವರೆಗೆ ಮತ್ತೆ ಮತ್ತೆ ಎಳೆಯಬಹುದು, ಹೊರಗಿನವರಿಗೆ ಅದು ತಿಳಿಯುವುದೂ ಇಲ್ಲ. ಆದ್ದರಿಂದಲೇ ಈ ಅಭ್ಯಾಸವನ್ನು ಶ್ರದ್ಧೆಯಿಂದ ನಡೆಸುವವರು ಮೊದಲು ಬಂದ ಎಲೆಯ ಹೆಸರನ್ನೂ ತಾರೀಕನ್ನೂ ಶಾಯಿಯಲ್ಲಿ ಬರೆದು, ಆಮೇಲೆ ಚಿತ್ರದ ಕಡೆ ನೋಡುತ್ತಾರೆ.