ಶೇ 20 ಎಥನಾಲ್ ಪೆಟ್ರೋಲ್: ಟ್ಯೂನ್ ಮಾಡಿಸಿದ ಕಾರಿನ ಲೆಕ್ಕ ತಪ್ಪುವುದೆಲ್ಲಿ?

ಮಂಗಳೂರಿನಿಂದ ಹಾಸನದ ಮಾರ್ಗವಾಗಿ 362 ಕಿಲೊಮೀಟರ್ ಉದ್ದದ ಕೊಳವೆಯಲ್ಲಿ ಹರಿದು ಹೊಸಕೋಟೆ ತಾಲ್ಲೂಕಿನ ದೇವನಗುಂದಿಯ ತೈಲಾಗಾರಗಳನ್ನು ಸೇರುವ ಪೆಟ್ರೋಲಿನಲ್ಲಿ ಎಥನಾಲ್ ಇರುವುದಿಲ್ಲ. ನೀರನ್ನು ಹೀರಿಕೊಳ್ಳುವ ಸ್ವಭಾವದ ಎಥನಾಲ್ ಡಿಸ್ಟಿಲರಿಗಳಿಂದ ಟ್ಯಾಂಕರುಗಳಲ್ಲಿ ಪ್ರತ್ಯೇಕವಾಗಿ ಬರುತ್ತದೆ. ತೈಲಾಗಾರದಲ್ಲಿಯೇ ಪೆಟ್ರೋಲಿನೊಡನೆ ಬೆರೆಯುತ್ತದೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ಬಂಕುಗಳಲ್ಲಿ ಇಂದು ಸಾಮಾನ್ಯ ಪೆಟ್ರೋಲ್ ಎಂದು ಕೊಳ್ಳುವ ಪ್ರತಿ ಲೀಟರಿನಲ್ಲಿ ಸುಮಾರು 200 ಮಿಲಿಲೀಟರ್ ಎಥನಾಲ್ ಇರುತ್ತದೆ.

ಈ ಪ್ರಮಾಣ ಒಮ್ಮೆಲೇ ಏರಿದ್ದಲ್ಲ. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ 5ರ ಮಿಶ್ರಣ ಆರಂಭವಾಯಿತಾದರೂ, 2013–14ರಲ್ಲಿ ದೇಶದ ಸರಾಸರಿ ಇದ್ದದ್ದು ಕೇವಲ ಶೇ 1.53. ಶೇ 10ರ ಗುರಿ ತಲುಪಿದ್ದು 2022ರ ಜೂನ್‌ನಲ್ಲಿ. 2023ರ ಫೆಬ್ರುವರಿ 6ರಂದು ಇಂಧನ ಸಪ್ತಾಹದ ಅಂಗವಾಗಿ ಪ್ರಧಾನಿಯವರು ಶೇ 20ರ ಪೆಟ್ರೋಲನ್ನು ಲೋಕಾರ್ಪಣೆ ಮಾಡಿದ್ದು ಬೆಂಗಳೂರಿನಲ್ಲಿಯೇ. ನೆಲಮಂಗಲದ ಹಾದಿಯಲ್ಲಿರುವ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಇಂಧನವಾಯಿತು. ಹೀಗಾಗಿ 2016ರಲ್ಲೋ 2019ರಲ್ಲೋ ಟ್ಯೂನ್ ಮಾಡಿಸಿದ ಕಾರು ಒಂದು ಇಂಧನಕ್ಕೆ ಲೆಕ್ಕ ಹಾಕಿಸಿಕೊಂಡು ಮತ್ತೊಂದನ್ನು ಉರಿಸುತ್ತಿದೆ. ವಾರಾಂತ್ಯದ ನಸುಕಿನಲ್ಲಿ ದೇವನಹಳ್ಳಿ ದಾಟಿ ನಂದಿಬೆಟ್ಟದತ್ತ ಓಡುವ ಕಾರುಗಳಲ್ಲಿ ಇಂಥವೂ ಇವೆ.

ಟ್ಯೂನಿಂಗ್ ಎಂದರೆ ಎಂಜಿನ್ ನಿಯಂತ್ರಿಸುವ ಇಸಿಯು ಎಂಬ ಗಣಕದೊಳಗಿನ ಕೋಷ್ಟಕಗಳನ್ನು ತಿದ್ದುವುದು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್, ಯಾವ ಕ್ಷಣದಲ್ಲಿ ಕಿಡಿ, ಟರ್ಬೊ ಇದ್ದರೆ ಎಷ್ಟು ಒತ್ತಡ ಎಂಬುದೆಲ್ಲ ಅಲ್ಲಿದೆ. ಕೋಷ್ಟಕದಂತೆ ಇಂಧನ ಸಿಂಪಡಿಸಿದ ಮೇಲೆ, ಹೊಗೆ ಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ ಫಲಿತಾಂಶವನ್ನು ವರದಿ ಮಾಡುತ್ತದೆ. ಆಮ್ಲಜನಕ ಹೆಚ್ಚು ಉಳಿದಿದ್ದರೆ ಇಂಧನ ಕಡಿಮೆಯಾಗಿದೆ ಎಂದರ್ಥ. ಇಸಿಯು ಆಗ ಸ್ವಲ್ಪ ಸೇರಿಸುತ್ತದೆ. ಅಳತೆಯಂತೆ ಉಪ್ಪು ಹಾಕಿ, ರುಚಿ ನೋಡಿ, ಮತ್ತೊಂದು ಚಿಟಿಕೆ ಸೇರಿಸುವ ಅಡುಗೆಯವರ ಕ್ರಮವೇ ಇದು. ಈ ಚಿಟಿಕೆಯ ಹೆಸರೇ ಫ್ಯೂಯೆಲ್ ಟ್ರಿಮ್. ಕ್ಷಣಕ್ಷಣಕ್ಕೂ ಏರಿಳಿಯುವುದು ಶಾರ್ಟ್ ಟರ್ಮ್ ಟ್ರಿಮ್. ಹಲವು ದಿನಗಳ ಓಡಾಟದಿಂದ ಕಲಿತು ನೆನಪಿನಲ್ಲಿಟ್ಟುಕೊಂಡದ್ದು ಲಾಂಗ್ ಟರ್ಮ್ ಟ್ರಿಮ್. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಚಿಕ್ಕದೊಂದು ಉಪಕರಣ ಸಿಕ್ಕಿಸಿದರೆ ಎರಡೂ ಅಂಕಿಗಳು ಮೊಬೈಲಿನಲ್ಲಿ ಕಾಣುತ್ತವೆ.

ಈಗ ರಸಾಯನಶಾಸ್ತ್ರದ ಮಾತು. ಒಂದು ಕಿಲೊಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೊಗ್ರಾಂ ಗಾಳಿ ಬೇಕು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕ ಇರುವುದರಿಂದ ಅದಕ್ಕೆ 9 ಕಿಲೊಗ್ರಾಂ ಸಾಕು. ಶೇ 10ರ ಮಿಶ್ರಣಕ್ಕೆ ಈ ಅನುಪಾತ 14.1ರ ಆಸುಪಾಸು, ಶೇ 20ಕ್ಕೆ 13.5. ಗಾಳಿ ಅಷ್ಟೇ ಇದ್ದು ಇಂಧನ ಬದಲಾದರೆ, ಹಳೆಯ ಲೆಕ್ಕದಂತೆ ಸಿಂಪಡಿಸಿದ್ದು ಸಾಲದು. ಶುದ್ಧ ಪೆಟ್ರೋಲಿಗೆ ಬರೆದ ಕೋಷ್ಟಕವಿದ್ದ ಕಾರಿಗೆ ಶೇ 20ರ ಇಂಧನ ತುಂಬಿದಾಗ ಟ್ರಿಮ್ ಸುಮಾರು +8ಕ್ಕೆ ಏರಿ ನಿಲ್ಲುವುದು ಸಹಜ. ಶೇ 10ಕ್ಕೆ ಬರೆದದ್ದಾದರೆ +4. ಇದು ರೋಗವಲ್ಲ, ಲೆಕ್ಕ. ಬಹುತೇಕ ಕಾರುಗಳಲ್ಲಿ ಟ್ರಿಮ್ +20 ಅಥವಾ +25 ದಾಟಿದಾಗ ಮಾತ್ರ ಪಿ0171 ಎಂಬ ಸಂಕೇತದೊಂದಿಗೆ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

ಆದರೆ ತೊಂದರೆ ಅಡಗಿರುವುದು ಈ ಸಹಜತೆಯಲ್ಲಿಯೇ. ಯಾವ ಅಂಕಿ ಕಂಡರೂ ‘ಎಲ್ಲಾ ಎಥನಾಲಿನಿಂದ’ ಎಂದು ಗ್ಯಾರೇಜುಗಳು ಕೈತೊಳೆದುಕೊಳ್ಳುವುದು ಸುಲಭವಾಗಿದೆ. ನಿಜವಾದ ಕಾರಣವನ್ನು ಅಂಕಿಯ ಗಾತ್ರ ಹೇಳದು, ಅದರ ನಡವಳಿಕೆ ಹೇಳುತ್ತದೆ. ಎಥನಾಲಿನ ಪರಿಣಾಮ ಪ್ರಮಾಣಾನುಗುಣವಾದದ್ದು. ಕಾರು ನಿಂತಿರಲಿ, 80ರ ವೇಗದಲ್ಲಿ ಸಾಗುತ್ತಿರಲಿ, ಏರು ಹತ್ತುತ್ತಿರಲಿ, ಶೇಕಡಾವಾರು ಹೆಚ್ಚಳ ಬಹುತೇಕ ಒಂದೇ. ಗಾಳಿ ಸೋರಿಕೆ ಹಾಗಲ್ಲ. ಟ್ಯೂನಿಂಗ್ ವೇಳೆ ಹೊಸ ಇನ್‌ಟೇಕ್ ಕೊಳವೆ ಕೂರಿಸಿದ ಕಾರುಗಳಲ್ಲಿ ಸಡಿಲ ಕ್ಲಿಪ್ಪಿನ ಮೂಲಕ ಗಾಳಿ ನುಸುಳಿದರೆ ಐಡ್ಲಿಂಗ್‌ನಲ್ಲಿ ಟ್ರಿಮ್ +15 ಕಾಣಿಸಿ, ವೇಗ ಹೆಚ್ಚಿದಂತೆ ಇಳಿದುಬಿಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಭಾರ ಹೆಚ್ಚಿದಂತೆ ಟ್ರಿಮ್ ಏರತೊಡಗಿದರೆ ಸಂಶಯಿಸಬೇಕಾದದ್ದು ಇಂಧನ ಪಂಪು, ಫಿಲ್ಟರ್, ಇಂಜೆಕ್ಟರುಗಳನ್ನು.

ಇದಿಷ್ಟೂ ಸಂವೇದಕದ ಮಾತನ್ನು ಇಸಿಯು ಕೇಳುತ್ತಿರುವಾಗಿನ ಸಂಗತಿ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಚಿತ್ರ ಬೇರೆ. ಹಲವು ಕಾರುಗಳಲ್ಲಿ ಆಗ ಇಸಿಯು ಸಂವೇದಕದ ತಿದ್ದುಪಡಿಯನ್ನು ಬದಿಗಿಟ್ಟು, ಕೋಷ್ಟಕದಲ್ಲಿ ಬರೆದಷ್ಟನ್ನೇ ಸಿಂಪಡಿಸುತ್ತದೆ. ಕಲಿತ ಲಾಂಗ್ ಟರ್ಮ್ ಟ್ರಿಮ್ಮನ್ನು ಕೆಲವು ಇಸಿಯುಗಳು ಈ ಸ್ಥಿತಿಗೂ ಅನ್ವಯಿಸುತ್ತವೆ, ಕೆಲವು ಅನ್ವಯಿಸುವುದಿಲ್ಲ. ಎರಡನೆಯ ಬಗೆಯ ಟರ್ಬೊ ಕಾರಿನಲ್ಲಿ, ಶುದ್ಧ ಪೆಟ್ರೋಲಿನ ಲೆಕ್ಕದಲ್ಲಿ 0.82 ಲ್ಯಾಂಬ್ಡಾ ಇರಲೆಂದು ಟ್ಯೂನರ್ ಬರೆದಿದ್ದರೆ, ಶೇ 20ರ ಇಂಧನದಲ್ಲಿ ಅದು 0.89ರ ಸಮೀಪ ಬರುತ್ತದೆ. ಲ್ಯಾಂಬ್ಡಾ 1 ಎಂದರೆ ಗಾಳಿ–ಇಂಧನ ಸರಿಸಮ. ಅದಕ್ಕಿಂತ ಕೆಳಗಿದ್ದಷ್ಟೂ ಇಂಧನ ಹೆಚ್ಚು, ಸಿಲಿಂಡರು ತಂಪು. ಅಂದರೆ ಟ್ಯೂನರ್ ಸುರಕ್ಷತೆಗೆಂದು ಬಿಟ್ಟಿದ್ದ ಅಂತರದ ದೊಡ್ಡ ಪಾಲು ಯಾರ ಗಮನಕ್ಕೂ ಬಾರದೆ ಕರಗಿರುತ್ತದೆ. ಎಂಜಿನ್ ಮರುದಿನವೇ ಕೆಡುತ್ತದೆಂದಲ್ಲ. ಆದರೆ ಹೊಗೆಯ ಉಷ್ಣತೆ ಏರುತ್ತದೆ. ಬಿಸಿಲಿನಲ್ಲಿ, ಉದ್ದನೆಯ ಏರಿನಲ್ಲಿ, ಟರ್ಬೊ ಮತ್ತು ಎಕ್ಸಾಸ್ಟ್ ವಾಲ್ವುಗಳು ಅದರ ಬೆಲೆ ತೆರುತ್ತವೆ.

ಇಂಜೆಕ್ಟರಿನ ಸಾಮರ್ಥ್ಯವೂ ಇಲ್ಲಿ ಮುಖ್ಯ. ಕಾರ್ಖಾನೆಯ ಇಂಜೆಕ್ಟರುಗಳನ್ನೇ ಇಟ್ಟುಕೊಂಡು ಟರ್ಬೊ ಒತ್ತಡ ಹೆಚ್ಚಿಸಿದ ಕಾರಿನಲ್ಲಿ ಅವು ಈಗಾಗಲೇ ಶೇ 85–90ರಷ್ಟು ಸಮಯ ತೆರೆದೇ ಇರಬಹುದು. ಅದರ ಮೇಲೆ ಇನ್ನೂ ಶೇ 8 ಕೇಳಿದರೆ ಕೊಡಲು ಉಳಿದಿರುವುದಿಲ್ಲ. ಯಾವ ಟ್ರಿಮ್ಮೂ ಇಲ್ಲದ ಪೆಟ್ರೋಲನ್ನು ಸೃಷ್ಟಿಸಲಾರದು.

ವೈಡ್‌ಬ್ಯಾಂಡ್ ಗೇಜ್ ಅಳವಡಿಸಿಕೊಂಡವರಿಗೆ ಇನ್ನೊಂದು ಗೊಂದಲ ಕಾದಿದೆ. ಆ ಗೇಜ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾವನ್ನು. ಪರದೆಯ ಮೇಲಿನ ಅನುಪಾತ 14.7ರಿಂದ ಗುಣಿಸಿ ಬಂದ ಅಂಕಿ. ಇಂಧನ ಯಾವುದೇ ಇರಲಿ, ಲ್ಯಾಂಬ್ಡಾ 1 ಇದ್ದಾಗ ಅದು 14.7 ಎಂದೇ ತೋರಿಸುತ್ತದೆ. ಶೇ 20ರ ಇಂಧನಕ್ಕೆ 13.5 ಸರಿ ಎಂದು ಓದಿಕೊಂಡವರು ಗೇಜಿನಲ್ಲಿ 13.5 ಕಾಣುವಂತೆ ಕೋಷ್ಟಕ ತಿದ್ದಿದರೆ, ಬೇಕಾದದ್ದಕ್ಕಿಂತ ಶೇ 8–9ರಷ್ಟು ಹೆಚ್ಚು ಪೆಟ್ರೋಲ್ ಸುರಿದಂತಾಗುತ್ತದೆ. ಗೇಜನ್ನು ಲ್ಯಾಂಬ್ಡಾ ಮಾಪನಕ್ಕೆ ಬದಲಿಸಿಕೊಳ್ಳುವುದೇ ಮೇಲು.

ಎಥನಾಲನ್ನು ಬರಿದೇ ಶಪಿಸುವುದೂ ನ್ಯಾಯವಲ್ಲ. ಅದರ ಆಕ್ಟೇನ್ ಸಂಖ್ಯೆ ಸುಮಾರು 108. ಆವಿಯಾಗುವಾಗ ಅದು ಪೆಟ್ರೋಲಿನ ಎರಡು ಪಟ್ಟಿಗೂ ಮಿಕ್ಕಿ ಶಾಖವನ್ನು ಹೀರಿ ಸಿಲಿಂಡರಿನೊಳಗಿನ ಮಿಶ್ರಣವನ್ನು ತಂಪಾಗಿಸುತ್ತದೆ. ನಾಕಿಂಗ್‌ಗೆ ಅಂಜುವ ಟರ್ಬೊ ಎಂಜಿನ್ನಿಗೆ ಇದು ವರವೇ. ಈ ಇಂಧನಕ್ಕೆಂದೇ ಮತ್ತೆ ಬರೆದ ಕೋಷ್ಟಕದಲ್ಲಿ ಕಿಡಿಯನ್ನು ತುಸು ಮುಂದಕ್ಕೆ ತರಬಹುದು. ಮೈಲೇಜ್ ಮಾತ್ರ ಇಳಿಯುವುದು ಖಚಿತ: ಎಥನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಶೇ 10ರ ಇಂಧನಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇ 6–7ರಷ್ಟು ನಷ್ಟವಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು.

ಹಾಗಾದರೆ ಕಾರಿನ ಮಾಲೀಕರು ಮಾಡಬೇಕಾದುದೇನು? ಮೊದಲು ಟ್ಯೂನರ್ ಬಳಿ ಎರಡು ಪ್ರಶ್ನೆ ಕೇಳಿ: ನನ್ನ ಕೋಷ್ಟಕ ಯಾವ ಇಂಧನಕ್ಕೆ, ಯಾವ ವರ್ಷ ಬರೆದದ್ದು? ಪೂರ್ತಿ ತುಳಿದಾಗ ಈ ಇಸಿಯು ಲಾಂಗ್ ಟರ್ಮ್ ಟ್ರಿಮ್ಮನ್ನು ಬಳಸುತ್ತದೆಯೇ? ಉತ್ತರ ತಡವರಿಸಿದರೆ ಬೇರೆಡೆ ಹೋಗುವುದು ಲೇಸು. ಅಲ್ಲಿಯವರೆಗೆ ಕಾರ್ಖಾನೆಯ ಮೂಲ ಕೋಷ್ಟಕಕ್ಕೆ ಮರಳುವುದರಲ್ಲಿ ಅವಮಾನವೇನಿಲ್ಲ. ಪೂರ್ಣ ವೇಗದ ಪರೀಕ್ಷೆ ಡೈನೊ ಯಂತ್ರದ ಮೇಲೆ ನಡೆಯಬೇಕೇ ಹೊರತು ವಿಮಾನ ನಿಲ್ದಾಣದ ರಸ್ತೆಯಲ್ಲಲ್ಲ.

ಹೊಸ ಕೋಷ್ಟಕ ಹಾಕಿಸಿದಾಗ ಅಥವಾ ಬ್ಯಾಟರಿ ಕಳಚಿದಾಗ ಬಹಳಷ್ಟು ಕಾರುಗಳಲ್ಲಿ ಕಲಿತ ಟ್ರಿಮ್ ಅಳಿಸಿಹೋಗುತ್ತದೆ. ಇಸಿಯು ಸೊನ್ನೆಯಿಂದ ಕಲಿಯಬೇಕು. ಆದ್ದರಿಂದ ಮೊದಲ ನೂರಿನ್ನೂರು ಕಿಲೊಮೀಟರ್ ಹದವಾಗಿ ಓಡಿಸಿ. ಆ ಬಳಿಕ ಎಂಜಿನ್ ಪೂರ್ತಿ ಬಿಸಿಯಾಗಿರುವಾಗ ಐಡ್ಲಿಂಗ್, ಸಮವೇಗ ಮತ್ತು ಏರುದಾರಿ ಈ ಮೂರು ಸ್ಥಿತಿಗಳಲ್ಲಿ ಎರಡೂ ಟ್ರಿಮ್ಮುಗಳ ಮೊತ್ತವನ್ನು ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ. ಮುಂದೆ ಅಂಕಿ ಬದಲಾದಾಗ ಹೋಲಿಸಬೇಕಾದದ್ದು ಸೊನ್ನೆಯೊಂದಿಗಲ್ಲ, ಆ ದಿನದ ಚೀಟಿಯೊಂದಿಗೆ.