ಉಣುಗು ನಿಯಂತ್ರಣಕ್ಕೆ ಸಸ್ಯಸಾರ: ಹಿತ್ತಲಿನ ಮದ್ದು ಮಾರುಕಟ್ಟೆಯ ಸರಕಾಗಲು ಏನು ಬೇಕು?

ಹೈನುಗಾರಿಕೆಯನ್ನು ನೆಚ್ಚಿರುವ ಕುಟುಂಬಗಳಿಗೆ ಉಣುಗು ಅಥವಾ ಉಣ್ಣೆ ಹೊಸ ಶತ್ರುವಲ್ಲ. ಹಸುವಿನ ಕಿವಿ, ಕೆಚ್ಚಲು ಮತ್ತು ಬಾಲದ ಬುಡದಲ್ಲಿ ಕಚ್ಚಿಕೊಂಡು ರಕ್ತ ಹೀರುವ ಈ ಜೀವಿ ಥೈಲೀರಿಯಾಸಿಸ್, ಬಬೇಸಿಯಾಸಿಸ್‌ನಂತಹ ರೋಗಗಳನ್ನೂ ಹರಡುತ್ತದೆ. ನಾಟಿ ತಳಿಗಳಿಗಿಂತ ಮಿಶ್ರತಳಿ ಹಸುಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಹಾಲಿನ ಇಳುವರಿ ಕುಸಿಯುವುದು ಮೊದಲ ನಷ್ಟ. ಹಸುವೇ ಸಾಯುವುದು ಕೊನೆಯ ನಷ್ಟ.

ಹಲವು ದಶಕಗಳಿಂದ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಮುಂತಾದ ರಾಸಾಯನಿಕಗಳೇ ಇದಕ್ಕೆ ಪರಿಹಾರವಾಗಿದ್ದವು. ಆದರೆ ಇವುಗಳಿಗೆ ಉಣುಗು ಪ್ರತಿರೋಧ ಬೆಳೆಸಿಕೊಂಡಿರುವುದು ದೇಶದ ಹಲವು ಭಾಗಗಳಲ್ಲಿ ದಾಖಲಾಗಿದೆ. ಹಾಲಿನಲ್ಲಿ ಔಷಧದ ಶೇಷಾಂಶ ಉಳಿಯುವ ಆತಂಕವೂ ಜೊತೆಗಿದೆ. ಈ ಹಿನ್ನೆಲೆಯಲ್ಲಿ ಬೇವು, ಹೊಂಗೆ, ಬಜೆ, ಸೀತಾಫಲದ ಬೀಜ ಇತ್ಯಾದಿಗಳ ಸಾರವನ್ನು ಬಳಸುವತ್ತ ಗಮನ ಹರಿದಿದ್ದು, ಸಣ್ಣ ಉದ್ದಿಮೆದಾರರಿಗೆ ಇಲ್ಲೊಂದು ಅವಕಾಶ ಕಾಣುತ್ತಿದೆ. ಆ ಅವಕಾಶದ ಲೆಕ್ಕವನ್ನು ಬಂಡವಾಳ ಹೂಡುವ ಮೊದಲೇ ಹಾಕುವುದು ಕ್ಷೇಮ.

ನಿಜವಾದ ಪ್ರತಿಸ್ಪರ್ಧಿ ಯಾರು?

ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯು ಪ್ರಚಾರ ಮಾಡುತ್ತಿರುವ ಪಾರಂಪರಿಕ ಪಶುವೈದ್ಯ ಪದ್ಧತಿಯಲ್ಲಿ ಉಣುಗಿಗೆ ಸರಳವಾದ ಮದ್ದೊಂದಿದೆ. ಬೆಳ್ಳುಳ್ಳಿ 10 ಎಸಳು, ಬಜೆ 10 ಗ್ರಾಂ, ಅರಿಶಿನದ ಪುಡಿ 20 ಗ್ರಾಂ. ಬೇವಿನ ಸೊಪ್ಪು, ಬೇವಿನ ಹಣ್ಣು, ತುಳಸಿ ಮತ್ತು ಲಂಟಾನ ಸೊಪ್ಪು ತಲಾ ಒಂದು ಹಿಡಿ. ಇವನ್ನು ರುಬ್ಬಿ, ಒಂದು ಲೀಟರ್ ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ ಹಸುವಿನ ಮೈಗೂ ಕೊಟ್ಟಿಗೆಯ ಬಿರುಕುಗಳಿಗೂ ಸಿಂಪಡಿಸಬೇಕು. ಗುಣವಾಗುವವರೆಗೆ ವಾರಕ್ಕೊಮ್ಮೆ ಪುನರಾವರ್ತಿಸಬೇಕು. ಬಿರುಕುಗಳಿಗೂ ಸಿಂಪಡಿಸುವುದಕ್ಕೆ ಕಾರಣವಿದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ನೆಲಕ್ಕೆ ಉದುರಿ, ಇಂತಹ ಸಂದುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ.

ಈ ಮದ್ದಿಗೆ ಬೇಕಾದ ಹೆಚ್ಚಿನ ಪದಾರ್ಥಗಳು ರೈತನ ಮನೆಯಲ್ಲಿ ಅಥವಾ ಹಿತ್ತಲಲ್ಲಿ ಸಿಗುತ್ತವೆ. ಆದ್ದರಿಂದ ಸಸ್ಯಸಾರವನ್ನು ಬಾಟಲಿಯಲ್ಲಿ ತುಂಬಿ ಮಾರಲು ಹೊರಟವರ ಪ್ರಮುಖ ಪ್ರತಿಸ್ಪರ್ಧಿ ರಾಸಾಯನಿಕ ಕಂಪನಿಯಲ್ಲ; ಗಿರಾಕಿಯ ಹಿತ್ತಲೇ. ಹಿತ್ತಲು ಕೊಡಲಾಗದ ಏನನ್ನು ಬಾಟಲಿ ಕೊಡಬಲ್ಲದು? ಪ್ರತಿ ಬಾರಿಯೂ ಒಂದೇ ಶಕ್ತಿ, ಒಂದೇ ಫಲ. ಈ ವ್ಯಾಪಾರದಲ್ಲಿ ಮಾರಾಟವಾಗುವುದು ಸೊಪ್ಪಲ್ಲ, ಖಚಿತತೆ.

ಖಚಿತತೆಯ ಬೆಲೆ

ಬೇವಿನ ಬೀಜದ ಮುಖ್ಯ ಸತ್ವ ಅಜಾಡಿರಾಕ್ಟಿನ್. ಇದು ರಾಸಾಯನಿಕದಂತೆ ತಕ್ಷಣ ಕೊಲ್ಲುವುದಿಲ್ಲ. ಪೊರೆ ಕಳಚುವ ಮತ್ತು ಮೊಟ್ಟೆಯಿಡುವ ಕ್ರಿಯೆಗಳಿಗೆ ಅಡ್ಡಿಪಡಿಸುತ್ತದೆ. ಸಂಜೆಯೊಳಗೆ ಉಣುಗು ಉದುರಬೇಕೆಂದು ನಿರೀಕ್ಷಿಸುವ ರೈತನಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಆತ ಎರಡನೆಯ ಬಾಟಲಿ ಕೊಳ್ಳಲಾರ.

ಈ ಸತ್ವದ ಪ್ರಮಾಣ ಮರದಿಂದ ಮರಕ್ಕೆ, ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಬಿಸಿಲು, ಶಾಖ ಮತ್ತು ಕ್ಷಾರೀಯ ನೀರಿನಲ್ಲಿ ಅದು ಬೇಗ ಕ್ಷಯಿಸುತ್ತದೆ. ಬೇವಿನ ಹಣ್ಣು ಮಾಗುವುದು ಮುಂಗಾರಿನ ದಿನಗಳಲ್ಲಿ. ಸರಿಯಾಗಿ ಒಣಗದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಹೀಗಾಗಿ ಒಣಗಿಸುವ ಅಂಗಳ, ತೇವಾಂಶ ಮಾಪಕ, ಗಾಢಬಣ್ಣದ ಬಾಟಲಿ ಮತ್ತು ಪ್ರತಿ ತಂಡದ ಪ್ರಯೋಗಾಲಯ ಪರೀಕ್ಷೆ ಅನಿವಾರ್ಯ ವೆಚ್ಚಗಳಾಗುತ್ತವೆ. 2015ರಲ್ಲಿ ದೇಶೀಯ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯವಾದ ಬಳಿಕ ಬೇವಿನ ಎಣ್ಣೆಗೆ ದೊಡ್ಡ ಖರೀದಿದಾರರು ಹುಟ್ಟಿಕೊಂಡಿರುವುದನ್ನೂ ಕಚ್ಚಾ ಮಾಲಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

'ಸಸ್ಯಜನ್ಯ' ಎಂದರೆ 'ನಿರಪಾಯಕಾರಿ' ಎಂದರ್ಥವಲ್ಲ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುತ್ತದೆ. ಲಂಟಾನ ಸೊಪ್ಪನ್ನು ತಿಂದ ದನಗಳಿಗೆ ವಿಷವೇರುತ್ತದೆ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ದೇಹ ಸೇರಬಲ್ಲದು. ಎಚ್ಚರಿಕೆಯ ಸೂಚನೆಯಿಲ್ಲದ ಬಾಟಲಿ ತಯಾರಕರ ಪಾಲಿಗೆ ತೀರದ ಹೊಣೆಗಾರಿಕೆಯಾಗಬಹುದು.

ಲೇಬಲ್ಲೇ ಕಾನೂನನ್ನು ನಿರ್ಧರಿಸುತ್ತದೆ

ರೈತನು ತನ್ನ ಹಸುವಿಗಾಗಿ ತಾನೇ ಕಷಾಯ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಅದೇ ಕಷಾಯವನ್ನು ಮಾರಾಟಕ್ಕಿಟ್ಟಾಗ ಲೇಬಲ್ಲಿನ ಒಂದು ಸಾಲು ಅದರ ಭವಿಷ್ಯವನ್ನು ನಿರ್ಧರಿಸುತ್ತದೆ.

ಕೊಟ್ಟಿಗೆಯ ಕೀಟನಾಶಕವೆಂದು ಬೇವಿನ ಉತ್ಪನ್ನವನ್ನು ಮಾರುವುದಾದರೆ 1968ರ ಕೀಟನಾಶಕಗಳ ಕಾಯ್ದೆ ಅನ್ವಯಿಸುತ್ತದೆ. 9ನೇ ಕಲಮಿನಡಿ ಕೇಂದ್ರದ ನೋಂದಣಿ ಸಮಿತಿಯಲ್ಲಿ ನೋಂದಣಿ, ಅನಂತರ 13ನೇ ಕಲಮಿನಡಿ ರಾಜ್ಯದಿಂದ ತಯಾರಿಕಾ ಪರವಾನಗಿ ಪಡೆಯಬೇಕು.

ಪ್ರಾಣಿಯ ಮೈಗೆ ಹಚ್ಚುವ ಆಯುರ್ವೇದ ಔಷಧವೆಂದು ಮಾರುವುದಾದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಅನ್ವಯಿಸುತ್ತದೆ. ಈ ಕಾಯ್ದೆಯ ಆಯುರ್ವೇದ ಔಷಧದ ವ್ಯಾಖ್ಯೆಯಲ್ಲಿ ಮನುಷ್ಯರ ಜೊತೆಗೆ ಪ್ರಾಣಿಗಳೂ ಸೇರಿರುವುದು ಅನೇಕರಿಗೆ ತಿಳಿದಿಲ್ಲ. ಪರವಾನಗಿಗೆ ನಮೂನೆ 24-ಡಿ ಅರ್ಜಿಯನ್ನೂ, ಶೆಡ್ಯೂಲ್ 'ಟಿ' ಪ್ರಕಾರದ ಉತ್ತಮ ತಯಾರಿಕಾ ವ್ಯವಸ್ಥೆಯನ್ನೂ ಹೊಂದಿರಬೇಕು. ಬಳಸುವ ದ್ರವ್ಯಗಳು ಕಾಯ್ದೆ ಗುರುತಿಸಿರುವ ಪ್ರಮಾಣಗ್ರಂಥಗಳಲ್ಲಿ ಉಲ್ಲೇಖಗೊಂಡಿರಬೇಕು. ಲಂಟಾನ ಅಮೆರಿಕ ಖಂಡದಿಂದ ಬಂದ ಗಿಡ. ಗ್ರಂಥಗಳನ್ನು ಪರಿಶೀಲಿಸದೆ ಅದನ್ನು ಸೂತ್ರಕ್ಕೆ ಸೇರಿಸಿದರೆ ಅರ್ಜಿ ಅಲ್ಲಿಯೇ ನಿಲ್ಲಬಹುದು. ಸಸ್ಯಗಳ ವಾಣಿಜ್ಯ ಬಳಕೆಗೆ 2002ರ ಜೈವಿಕ ವೈವಿಧ್ಯ ಕಾಯ್ದೆಯೂ ಸಂಬಂಧಿಸಿದೆ. 2023ರ ತಿದ್ದುಪಡಿಯ ವಿನಾಯಿತಿಗಳು ತಮಗೆ ಅನ್ವಯಿಸುತ್ತವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಲೇಬಲ್ಲಿನಲ್ಲಿ ಏನನ್ನು ಬರೆಯಬಾರದು ಎಂಬುದೂ ಅಷ್ಟೇ ಮುಖ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದೂ ಉಣುಗೇ. ಹಸುವಿಗೆಂದು ಮಾಡಿದ ಎಣ್ಣೆ ಈ ಕಾಯಿಲೆಯನ್ನೂ ತಡೆಯುತ್ತದೆ ಎಂದು ಬರೆಯುವ ಆಮಿಷಕ್ಕೆ ಯಾರೂ ಒಳಗಾಗಬಾರದು. ಆ ಮಾತನ್ನು ನಂಬಿ ಕಾಡಿಗೆ ಹೋದವರ ಪ್ರಾಣವೇ ಹೋಗಬಹುದು.

ತೆರಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಆಯುರ್ವೇದ ಔಷಧಗಳ ಮೇಲಿನ ಹಾಗೂ ಬೇವು ಆಧಾರಿತ ಕೀಟನಾಶಕ ಸೇರಿದಂತೆ ನಿರ್ದಿಷ್ಟ ಜೈವಿಕ ಕೀಟನಾಶಕಗಳ ಮೇಲಿನ ಜಿ.ಎಸ್.ಟಿ. ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಇದು ಸ್ವಾಗತಾರ್ಹವಾದರೂ ಇದಕ್ಕೊಂದು ಮಗ್ಗುಲಿದೆ. ಪ್ಲಾಸ್ಟಿಕ್ ಬಾಟಲಿಗಳ ಮೇಲೆ ಶೇ. 18 ತೆರಿಗೆ ಇದೆ. 100 ರೂಪಾಯಿಯ ಸರಕಿಗೆ ಶೇ. 18 ತೆರಿಗೆಯ ಒಳಸುರಿಗಳು 40 ರೂಪಾಯಿಯಷ್ಟು ಬಳಕೆಯಾದವು ಎಂದುಕೊಳ್ಳೋಣ. ಖರೀದಿಯಲ್ಲಿ ತೆತ್ತ ತೆರಿಗೆ 7 ರೂ. 20 ಪೈಸೆ, ಮಾರಾಟದ ಮೇಲಿನ ತೆರಿಗೆ 5 ರೂ. ಮಾತ್ರ. ಉಳಿದ 2 ರೂ. 20 ಪೈಸೆ ಜಮೆಯಲ್ಲಿ ಶೇಖರವಾಗುತ್ತದೆ.

ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 54(3)ನೇ ಕಲಮಿನಡಿ ಇದರ ಮರುಪಾವತಿಗೆ ಅವಕಾಶವುಂಟು. ಆದರೆ ಅದು ಖರೀದಿಸಿದ ಸಾಮಗ್ರಿಗಳ ತೆರಿಗೆಗೆ ಸೀಮಿತ. ಸೇವೆಗಳಿಗೂ ಯಂತ್ರೋಪಕರಣಗಳಿಗೂ ದೊರೆಯದು. ಸೇವೆಗಳನ್ನು ಹೊರಗಿಟ್ಟಿರುವುದನ್ನು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿದಿದೆ. ಖಚಿತತೆಯನ್ನೇ ಮಾರುವ ಈ ಉದ್ದಿಮೆಯಲ್ಲಿ ಪ್ರಯೋಗಾಲಯದ ಶುಲ್ಕ ದೊಡ್ಡ ಬಾಬತ್ತು. ಅದು ಸೇವೆಯಾದ್ದರಿಂದ ಅದರ ಮೇಲಿನ ತೆರಿಗೆಗೆ ಈ ಮರುಪಾವತಿ ಇಲ್ಲ. ದುಡಿಯುವ ಬಂಡವಾಳದ ಅಂದಾಜಿನಲ್ಲಿ ಇದನ್ನು ಮರೆತವರು ವರ್ಷಾಂತ್ಯದಲ್ಲಿ ಪುಸ್ತಕದಲ್ಲಿ ಲಾಭವನ್ನೂ ಗಲ್ಲಾಪೆಟ್ಟಿಗೆಯಲ್ಲಿ ಬರಿದನ್ನೂ ಕಾಣುತ್ತಾರೆ.

ಮೊದಲ ಹೆಜ್ಜೆ

ಈ ಕ್ಷೇತ್ರಕ್ಕೆ ಬರಬಯಸುವವರು ಯಂತ್ರ ಖರೀದಿಗೆ ಮುನ್ನ ಮೂರು ಕೆಲಸಗಳನ್ನು ಮುಗಿಸುವುದು ಒಳಿತು: ಲೇಬಲ್ಲಿನ ಒಕ್ಕಣೆಯನ್ನು ಕಾಗದದ ಮೇಲೆ ಬರೆದು ಯಾವ ಕಾನೂನಿಗೆ ಒಳಪಡುವುದೆಂದು ತೀರ್ಮಾನಿಸುವುದು, ಒಂದು ಹಂಗಾಮಿನ ಬೀಜ ಸಂಗ್ರಹಿಸಿ ಅದರ ಸತ್ವವನ್ನು ತಿಂಗಳಿಗೊಮ್ಮೆ ಪರೀಕ್ಷಿಸುವುದು, ಕೆಲವು ಕೊಟ್ಟಿಗೆಗಳಲ್ಲಿ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಫಲಿತಾಂಶ ದಾಖಲಿಸುವುದು. ಈ ಮೂರರ ವೆಚ್ಚ ಕಾರ್ಖಾನೆಯ ವೆಚ್ಚದ ಮುಂದೆ ಅಲ್ಪ. ಫಲಿತಾಂಶ ಪ್ರತಿಕೂಲವಾದರೆ ಉಳಿಯುವುದು ದೊಡ್ಡ ಬಂಡವಾಳ. ಅನುಕೂಲವಾದರೆ, ಹಿತ್ತಲಿನ ಬೇವಿನ ಮರವಿದ್ದೂ ರೈತ ಬಾಟಲಿ ಕೊಳ್ಳಲು ಒಂದು ಕಾರಣ ಸಿಕ್ಕಂತಾಗುತ್ತದೆ.